ಕೊಡುವ ಮೊದಲು ಕೈಗಿತ್ತು ನೋಡೋಣ

(ಅಂಧರು ಮತ್ತು ಮಂದದೃಷ್ಟಿಯವರಿಗಾಗಿ ಇರುವ ಸಹಾಯಕ ಸಾಧನಗಳ ಪರಿಚಯಕ್ಕೆಂದು ಕರೆಯಲಾಗಿದ್ದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಮೊದಲು ನಮ್ಮದೇ ತಪ್ಪೊಂದನ್ನು ನಿಮ್ಮ ಮುಂದಿಡಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಾವು ಇದೇ ಊರಿನಲ್ಲಿ ಒಂದು ವಿತರಣಾ ಸಮಾರಂಭ ನಡೆಸಿದ್ದೆವು. ವೇದಿಕೆಯಿತ್ತು, ಬ್ಯಾನರಿತ್ತು, ಗಣ್ಯರಿದ್ದರು. ದೃಷ್ಟಿಹೀನರೆಂದು ನಮಗೆ ತಿಳಿದಿದ್ದವರನ್ನೆಲ್ಲ ಸಾಲಾಗಿ ಕರೆದು ಒಬ್ಬೊಬ್ಬರ ಕೈಗೂ ಒಂದೊಂದು ಬಿಳಿ ಕೋಲು ಕೊಟ್ಟೆವು. ಫೋಟೋ ತೆಗೆದೆವು. ಊಟ ಮಾಡಿದೆವು. ಬಹುದೊಡ್ಡ ಸೇವೆ ಮಾಡಿದ ತೃಪ್ತಿಯಿಂದ ಮನೆಗೆ ಹೋದೆವು.

ಆರೇಳು ತಿಂಗಳ ಬಳಿಕ ಬೇರೊಂದು ಕೆಲಸಕ್ಕಾಗಿ ಅವರ ಮನೆಗಳಿಗೆ ಹೋಗುವ ಸಂದರ್ಭ ಬಂತು. ಒಂದು ಮನೆಯಲ್ಲಿ ಆ ಕೋಲು ಕಪಾಟಿನ ಹಿಂದೆ ಧೂಳು ಹಿಡಿದು ನಿಂತಿತ್ತು. ಇನ್ನೊಂದು ಮನೆಯಲ್ಲಿ ಅದು ಎತ್ತರದ ಹಗ್ಗಕ್ಕೆ ಬಟ್ಟೆ ಹರವಲು ಬಳಕೆಯಾಗುತ್ತಿತ್ತು. ಮೂರನೆಯ ಮನೆಯ ಹುಡುಗ ಮಾತ್ರ ನೇರವಾಗಿ ಹೇಳಿಬಿಟ್ಟ: “ನನಗೆ ಹಗಲಲ್ಲಿ ದಾರಿ ಕಾಣುತ್ತದೆ. ಕಾಣದಿರುವುದು ಪುಸ್ತಕದ ಅಕ್ಷರ. ಅದಕ್ಕೆ ಕೋಲು ಏನು ಮಾಡೀತು?” ಅವನ ಮಾತಿಗೆ ನಮ್ಮ ಬಳಿ ಉತ್ತರವಿರಲಿಲ್ಲ. ವೇದಿಕೆಗೆ ಕರೆಯುವ ಮುನ್ನ ನಾವು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಕೊಡುವವರು ನಾವಾದುದರಿಂದ ಏನು ಕೊಡಬೇಕೆಂಬುದೂ ನಮಗೇ ಗೊತ್ತು ಎಂದು ಭಾವಿಸಿದ್ದೆವು.

ಕುರುಡು ಎಂದರೆ ಪೂರ್ಣ ಕತ್ತಲೆ ಎಂಬ ಕಲ್ಪನೆ ನಮ್ಮಲ್ಲಿ ಆಳವಾಗಿದೆ. ವಾಸ್ತವ ಹಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಅಂಧತ್ವ ಮತ್ತು ಮಂದದೃಷ್ಟಿಯನ್ನು ಬೇರೆ ಬೇರೆಯಾಗಿಯೇ ವಿವರಿಸಿದೆ. ಕನ್ನಡಕ ಹಾಕಿದ ಮೇಲೂ ಉತ್ತಮವಾಗಿರುವ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆಯಿದ್ದು 3/60ರ ತನಕ ಇದ್ದರೆ ಅದು ಮಂದದೃಷ್ಟಿ. 3/60 ಎಂದರೆ ಇತರರು 60 ಮೀಟರ್ ದೂರದಿಂದ ಗುರುತಿಸುವುದನ್ನು ಈತ 3 ಮೀಟರ್ ಹತ್ತಿರ ಬಂದ ಮೇಲೆ ಗುರುತಿಸುತ್ತಾನೆ ಎಂದರ್ಥ. ಅಕ್ಷರ ಸ್ಪಷ್ಟವಾಗಿ ಕಂಡರೂ ನೋಟದ ಹರವು 40 ಡಿಗ್ರಿಗಿಂತ ಕುಗ್ಗಿದ್ದರೆ ಅವನೂ ಮಂದದೃಷ್ಟಿಯವನೇ. ಕೊಳವೆಯೊಳಗಿಂದ ಲೋಕವನ್ನು ನೋಡುವ ಹಾಗೆ ಎನ್ನಬಹುದು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆಯಲ್ಲಿ ಹೀಗಾಗುತ್ತದೆ. ಮೊದಲು ಇರುಳುಗಣ್ಣು, ಆಮೇಲೆ ಸುತ್ತಲಿನ ನೋಟ ನಿಧಾನವಾಗಿ ಮುಚ್ಚಿಕೊಳ್ಳುತ್ತಾ ಬರುತ್ತದೆ. ಅಂತಹ ಹುಡುಗ ಲುಹರ್ ನಮಾಝಿಗೆ ಒಬ್ಬನೇ ನಡೆದು ಬರುತ್ತಾನೆ. ಇಶಾಗೆ ಬರುವಾಗ ಚಪ್ಪಲಿಗಳ ರಾಶಿಗೆ ಎಡವುತ್ತಾನೆ. ನೋಡಿದವರು, “ಇವನ ಕುರುಡು ನಾಟಕ” ಎನ್ನುತ್ತಾರೆ. ಈ ಮಾತನ್ನು ನಾವು ನಮ್ಮ ಕಿವಿಯಾರೆ ಕೇಳಿದ್ದೇವೆ. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕುಂದಿದ ಹಿರಿಯರಂತೂ ನಮ್ಮ ಎಷ್ಟೋ ಮನೆಗಳಲ್ಲಿ ಮೂಲೆಯ ಕುರ್ಚಿಯಲ್ಲಿ ಮೌನವಾಗಿ ಕುಳಿತಿದ್ದಾರೆ. ತಮ್ಮನ್ನು ಅಂಧರ ಪಟ್ಟಿಗೆ ಸೇರಿಸುವುದನ್ನು ಅವರೂ ಒಪ್ಪುವುದಿಲ್ಲ, ಮಕ್ಕಳೂ ಒಪ್ಪುವುದಿಲ್ಲ.

ಆದ್ದರಿಂದ ಈ ಬಾರಿ ಕ್ರಮವನ್ನು ತಿರುಗಿಸಿದೆವು. ವಿತರಣೆ ಇಲ್ಲ, ವೇದಿಕೆ ಇಲ್ಲ. ಕೆಲವು ಸಾಧನಗಳನ್ನು ಖರೀದಿಸಿಯೋ ಎರವಲು ತಂದೋ ಒಟ್ಟುಗೂಡಿಸಿ, ಬೇಕಾದವರು ಮನೆಗೊಯ್ದು ಎರಡು ವಾರ ಬಳಸಿ ನೋಡಲಿ, ಬೇಡವಾದರೆ ಯಾವ ಮುಜುಗರವೂ ಇಲ್ಲದೆ ಹಿಂದಿರುಗಿಸಲಿ ಎಂದು ನಿರ್ಧರಿಸಿದೆವು. ಹೀಗೆ ಬಳಸಿ ನೋಡಿದವರಿಂದ ನಾವು ಕಲಿತದ್ದನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇವೆ.

ಕೋಲಿನಿಂದಲೇ ಆರಂಭಿಸೋಣ, ಅದಕ್ಕೆ ನಾವು ಮಾಡಿದ ಅನ್ಯಾಯ ದೊಡ್ಡದು. ಬಿಳಿ ಕೋಲು ಕೆಟ್ಟ ಸಾಧನವಲ್ಲ. ಕಲಿಸದೆ ಕೊಟ್ಟದ್ದು ಕೆಟ್ಟದ್ದು. ಅದನ್ನು ಎದೆಯ ಎತ್ತರಕ್ಕೆ ಸರಿಯಾಗಿ ಅಳೆದು ಕೊಡಬೇಕು. ಬಲಗಾಲು ಮುಂದಿಡುವಾಗ ತುದಿ ಎಡಕ್ಕೆ, ಎಡಗಾಲು ಮುಂದಿಡುವಾಗ ಬಲಕ್ಕೆ, ಹೀಗೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಮೊದಲೇ ತಟ್ಟಿ ನೋಡುವುದನ್ನು ಅಭ್ಯಾಸ ಮಾಡಿಸಬೇಕು. ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ ಇದು. ನೆಲದ ಗುಂಡಿ, ಮೆಟ್ಟಿಲು, ತೆರೆದ ಚರಂಡಿ ಇವೆಲ್ಲವನ್ನೂ ಕೋಲು ತಿಳಿಸುತ್ತದೆ. ಆದರೆ ಸೊಂಟದಿಂದ ಮೇಲಿರುವುದನ್ನು ತಿಳಿಸದು. ನಿಂತ ಲಾರಿಯ ಹಿಂಭಾಗ, ಅಂಗಡಿಯ ಮುಂದೆ ಚಾಚಿದ ತಗಡು, ತೆರೆದಿಟ್ಟ ಕಿಟಕಿಯ ಬಾಗಿಲು ನೇರವಾಗಿ ಹಣೆಗೇ ಬಡಿಯುತ್ತವೆ. ಈ ಕೊರತೆಗಾಗಿಯೇ ದೆಹಲಿಯ ಐಐಟಿಯಲ್ಲಿ ಪ್ರೊಫೆಸರ್ ಎಂ. ಬಾಲಕೃಷ್ಣನ್ ಅವರ ತಂಡವು ‘ಸ್ಮಾರ್ಟ್‌ಕೇನ್’ ರೂಪಿಸಿತು. 2014ರಲ್ಲಿ ಅದು ಬಳಕೆಗೆ ಬಂತು. ಬಾವಲಿಯು ಕತ್ತಲಲ್ಲಿ ಹಾರುವ ಹಾಗೆ ಇದು ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಹೊಮ್ಮಿಸಿ, ಅವು ತಡೆಗೆ ಬಡಿದು ಹಿಂದಿರುಗುವುದನ್ನು ಅಳೆಯುತ್ತದೆ. 3 ಮೀಟರಿನೊಳಗೆ ಏನಾದರೂ ಅಡ್ಡವಿದ್ದರೆ ಹಿಡಿಯಲ್ಲಿ ಕಂಪನ ಮೂಡುತ್ತದೆ. ವಸ್ತು ಹತ್ತಿರವಾದಂತೆ ಕಂಪನ ಬದಲಾಗುತ್ತದೆ.

ನಮ್ಮಲ್ಲಿ ಇದನ್ನು ಬಳಸಿ ನೋಡಿದವರ ಅಭಿಪ್ರಾಯ ಒಂದೇ ತೆರನಾಗಿರಲಿಲ್ಲ. ನಿತ್ಯ ಬಸ್ ಸ್ಟ್ಯಾಂಡಿಗೆ ನಡೆಯುವ ಒಬ್ಬರು ಅದನ್ನು ಹಿಂದಿರುಗಿಸಲು ಒಪ್ಪಲೇ ಇಲ್ಲ. ಮೀನು ಮಾರುಕಟ್ಟೆಯ ಬಳಿ ವಾಸಿಸುವ ಇನ್ನೊಬ್ಬರು ಮೂರೇ ದಿನದಲ್ಲಿ ತಂದುಕೊಟ್ಟರು. ಜನಸಂದಣಿಯಲ್ಲಿ ಅದು ಎಡೆಬಿಡದೆ ನಡುಗುತ್ತಿತ್ತಂತೆ. ಸಾಧನವೂ ಒಂದೇ, ಊರೂ ಒಂದೇ. ನಡೆಯುವ ದಾರಿ ಬೇರೆ, ಅಷ್ಟೆ. ಮೊದಲಿನಂತೆ ಇಬ್ಬರಿಗೂ ವೇದಿಕೆಯಲ್ಲಿ ಹಂಚಿಬಿಟ್ಟಿದ್ದರೆ ಒಂದು ಖಂಡಿತ ಕಪಾಟಿನ ಹಿಂದೆ ಸೇರುತ್ತಿತ್ತು. ಈ ಸಾಧನ ಸಾಮಾನ್ಯ ಕೋಲಿನ ಮೇಲೆಯೇ ಕೂರುವಂಥದ್ದು ಎಂಬುದನ್ನೂ ಮರೆಯಬಾರದು. ಗುಂಡಿಯನ್ನು ಹೇಳಬೇಕಾದುದು ಈಗಲೂ ಕೋಲಿನ ತುದಿಯೇ.

ಇನ್ನು ಮೊಬೈಲಿನ ವಿಷಯ. ಇದರ ಬಗ್ಗೆ ಸ್ವಲ್ಪ ಹೆಚ್ಚು ಮಾತನಾಡಬೇಕಾಗಿದೆ. ಏಕೆಂದರೆ ಸಾವಿರಾರು ರೂಪಾಯಿ ಕೊಟ್ಟು ನಾವು ಹುಡುಕುತ್ತಿದ್ದ ಸಾಧನ ಬಹುತೇಕ ಮನೆಗಳಲ್ಲಿ ಈಗಾಗಲೇ ಇದೆ, ಅದನ್ನು ಎಬ್ಬಿಸುವುದಷ್ಟೇ ಬಾಕಿ.

ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಇದು ಅಂಧರಿಗಾಗಿ ಇತರರು ಮಾಡಿಕೊಟ್ಟ ಉಪಕಾರವೆಂದು ಯಾರೂ ಭಾವಿಸಬಾರದು. ಕಂಪ್ಯೂಟರಿನಲ್ಲಿ ದೀರ್ಘಕಾಲ ಮೇಲುಗೈ ಪಡೆದಿದ್ದ ‘ಜಾಸ್’ನ ಹಿಂದಿದ್ದವರು ಟೆಡ್ ಹೆಂಟರ್. ಮೋಟಾರ್‌ಸೈಕಲ್ ಸ್ಪರ್ಧಿಯಾಗಿದ್ದ ಅವರು 1978ರಲ್ಲಿ ಅಪಘಾತವೊಂದರಲ್ಲಿ ದೃಷ್ಟಿ ಕಳೆದುಕೊಂಡವರು. ಅದರ ಬೆಲೆ ನಮ್ಮಂಥವರ ಕೈಗೆಟುಕದು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ, ನೋಡುವವನು ಕೊಡುವ ಬೆಲೆಗಿಂತ ಹೆಚ್ಚನ್ನು ನೋಡಲಾಗದವನು ಏಕೆ ಕೊಡಬೇಕು ಎಂಬ ಪ್ರಶ್ನೆಯೊಂದಿಗೆ ‘ಎನ್‌ವಿಡಿಎ’ ಎಂಬ ತಂತ್ರಾಂಶವನ್ನು ಬರೆಯತೊಡಗಿದರು. ಬಾಲ್ಯದ ಗೆಳೆಯ, ತಾನೂ ಅಂಧನಾದ ಜೇಮ್ಸ್ ಟೆ ಜೊತೆಗೂಡಿದರು. ಇಂದಿಗೂ ಅದು ಉಚಿತ. ಅದರಲ್ಲಿ ಕನ್ನಡವನ್ನೂ ಕೇಳಬಹುದು. ಧ್ವನಿ ಯಂತ್ರದ್ದೇ, ಮೊದಲ ಎರಡು ದಿನ ಕಿವಿ ನೋಯುತ್ತದೆ. ಮೂರನೆಯ ವಾರ ನಮ್ಮ ಒಬ್ಬ ವಿದ್ಯಾರ್ಥಿ ಅದನ್ನು ಎಷ್ಟು ವೇಗವಾಗಿ ಓಡಿಸುತ್ತಿದ್ದನೆಂದರೆ ಪಕ್ಕದಲ್ಲಿ ಕುಳಿತ ನಮಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ.

ಆಂಡ್ರಾಯ್ಡ್ ಫೋನುಗಳಲ್ಲಿ ಇದೇ ಕೆಲಸ ಮಾಡುವುದು ‘ಟಾಕ್‌ಬ್ಯಾಕ್’. ಬಹುತೇಕ ಫೋನುಗಳಲ್ಲಿ ಅದು ಮೊದಲಿನಿಂದಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬ ಭಾಗಕ್ಕೆ ಹೋಗಿ ಚಾಲೂ ಮಾಡಬೇಕು. ಆ ಬಳಿಕ ಫೋನಿನ ನಡವಳಿಕೆಯೇ ಬದಲಾಗುತ್ತದೆ. ಒಮ್ಮೆ ಮುಟ್ಟಿದರೆ ಅಲ್ಲಿರುವುದೇನೆಂದು ಹೇಳುತ್ತದೆ, ತೆರೆಯುವುದಿಲ್ಲ. ಎರಡು ಬಾರಿ ತಟ್ಟಿದರೆ ಮಾತ್ರ ತೆರೆಯುತ್ತದೆ. ಒಂದು ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನ ಸಾಲು, ಎಡಕ್ಕೆ ಸರಿಸಿದರೆ ಹಿಂದಿನದು. ಇಷ್ಟು ತಿಳಿಯದೆ ಕಣ್ಣಿರುವವರು ಕುತೂಹಲಕ್ಕೆ ಚಾಲೂ ಮಾಡಿ, ಫೋನು ಕೆಟ್ಟಿತೆಂದು ಅಂಗಡಿಗೆ ಒಯ್ದದ್ದೂ ಉಂಟು. ಹಾಗೆ ಒಯ್ದವರಲ್ಲಿ ನಾವೂ ಒಬ್ಬರು, ನಗಬೇಡಿ.

ಇಲ್ಲಿ ಒಂದು ಘಟನೆಯನ್ನು ಹೇಳಲೇಬೇಕು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ಅಂಧ ಹುಡುಗಿಯೊಬ್ಬಳಿಗೆ ಆಕೆಯ ಅಣ್ಣನ ಹಳೆಯ ಫೋನಿನಲ್ಲಿ ಇದನ್ನು ಅಳವಡಿಸಿ ಎರಡು ವಾರ ಕೊಟ್ಟೆವು. ಆ ತನಕ ಆಕೆಗೆ ಬರುವ ಪ್ರತಿಯೊಂದು ಸಂದೇಶವನ್ನೂ ಅಣ್ಣನೇ ಓದಿ ಹೇಳುತ್ತಿದ್ದ. ಒಳ್ಳೆಯ ಹುಡುಗ, ತಂಗಿಯ ಮೇಲೆ ಬಹಳ ಪ್ರೀತಿ. ಮೂರನೆಯ ದಿನ ಸಹಪಾಠಿಯೊಬ್ಬಳಿಂದ ಆಕೆಗೆ ದೀರ್ಘ ಸಂದೇಶ ಬಂತು. ಆಕೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾ ಕುಳಿತಳು. ಮುಖದಲ್ಲಿ ನಗು. ತಾಯಿ, “ಏನಂತೆ ಮಗಳೇ?” ಎಂದು ಕೇಳಿದರು. ಆಕೆ ಸ್ವಲ್ಪ ತಡೆದು, “ಅದು ನನಗೆ ಬಂದದ್ದು ಉಮ್ಮಾ” ಎಂದಳು.

ಈ ಮಾತನ್ನು ತಾಯಿಯೇ ನಮಗೆ ಹೇಳಿದ್ದು. ಅವರ ದನಿಯಲ್ಲಿ ಸ್ವಲ್ಪ ನೋವಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು. ಹತ್ತೊಂಬತ್ತು ವರ್ಷದ ಮಗಳಿಗೆ ಬಂದ ಮಾತು ಮೊದಲ ಬಾರಿ ಮಗಳಿಗೇ ಮೊದಲು ತಲುಪಿತ್ತು. ನಾವೆಲ್ಲ ಸೌಕರ್ಯ, ಶಿಕ್ಷಣ, ಉದ್ಯೋಗ ಎಂದು ಮಾತನಾಡುತ್ತಿದ್ದೆವು. ಒಬ್ಬ ಮನುಷ್ಯನಿಗೆ ತನ್ನದೇ ಆದ ಒಂದು ಗುಟ್ಟು ಇರಬಹುದು ಎಂಬುದು ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಬ್ಯಾಂಕಿನ ಸಂದೇಶ, ವೈದ್ಯರ ವರದಿ, ಗೆಳತಿಯ ದುಃಖ, ಎಲ್ಲವೂ ಇನ್ನೊಬ್ಬರ ಬಾಯಿಂದ ಬರಬೇಕೆಂದರೆ ಆ ಬದುಕು ಎಷ್ಟು ಇಕ್ಕಟ್ಟಿನದು ಎಂದು ಯೋಚಿಸಿ. ಗಂಡುಮಗನಿಗೆ ಹೊಸ ಫೋನು, ಅಂಧ ಹೆಣ್ಣುಮಗಳಿಗೆ ‘ಅವಳಿಗೇಕೆ ಫೋನು’ ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿ ಬರುತ್ತಿದೆ. ಹೆಚ್ಚು ಬೇಕಾದವಳಿಗೇ ಕಡಿಮೆ ಕೊಡುವ ಈ ಲೆಕ್ಕಾಚಾರ ಎಲ್ಲಿಯದು?

ಆದರೆ ಎರಡನೆಯ ವಾರ ಅದೇ ಹುಡುಗಿ ಒಂದು ದೂರು ತಂದಳು. ಜಮಾಅತಿನ ವಾಟ್ಸಪ್ ಗುಂಪಿನಲ್ಲಿ ಬರುವ ಯಾವುದೂ ತನಗೆ ಕೇಳಿಸುತ್ತಿಲ್ಲ, ಫೋನು “ಫೋಟೋ, ಫೋಟೋ” ಎಂದಷ್ಟೇ ಹೇಳುತ್ತದೆ ಎಂದಳು. ಗುಂಪನ್ನು ತೆರೆದು ನೋಡಿದೆವು. ನಿಕಾಹ್ ಆಮಂತ್ರಣ, ಮರಣದ ಸುದ್ದಿ, ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನಾಂಕ, ನಾವೇ ಹಾಕಿದ್ದ ಈ ಶಿಬಿರದ ಪ್ರಕಟಣೆ ಕೂಡ ಬಣ್ಣಬಣ್ಣದ ಚಿತ್ರವಾಗಿತ್ತು. ಅಂಧರನ್ನು ಕರೆಯುವ ಪ್ರಕಟಣೆಯನ್ನೇ ಅಂಧರು ಓದಲಾಗದಂತೆ ಮಾಡಿದ್ದೆವು! ಚಿತ್ರದಲ್ಲಿರುವ ಅಕ್ಷರ ಕಣ್ಣಿಗೆ ಅಕ್ಷರ, ಯಂತ್ರಕ್ಕೆ ಬರೀ ಬಣ್ಣ. ಚಿತ್ರದ ಅಕ್ಷರವನ್ನು ಗುರುತಿಸಿ ಓದುವ ತಂತ್ರಗಳು ಈಗ ಇವೆ ನಿಜ, ಆದರೆ ಅಲಂಕಾರಿಕ ಕನ್ನಡ ಲಿಪಿಯ ಮುಂದೆ ಅವೂ ತಡವರಿಸುವುದನ್ನು ಕಂಡೆವು. ಆ ಚಿತ್ರದ ಕೆಳಗೆ ನಾಲ್ಕು ಸಾಲು ಟೈಪ್ ಮಾಡಿದ್ದರೆ ಯಾವ ಯಂತ್ರದ ಹಂಗೂ ಬೇಕಿರಲಿಲ್ಲ.

ಇದಕ್ಕಿಂತಲೂ ಹಳೆಯ ರೋಗ ಇನ್ನೊಂದಿದೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ನಾವು ದಶಕಗಳ ಕಾಲ ಕನ್ನಡ ಟೈಪ್ ಮಾಡಿದೆವು. ಅವು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಹಳೆಯ ಪದ್ಧತಿಯಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಸ್ಕ್ರೀನ್ ರೀಡರ್ ಆ ಸಂಕೇತವನ್ನೇ ಓದುತ್ತದೆ. ಹಾಗಾಗಿ ಸುಂದರವಾದ ಕನ್ನಡ ಪ್ರಬಂಧವೊಂದು ಅಂಧ ವಿದ್ಯಾರ್ಥಿಯ ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸುರಿಮಳೆಯಾಗುತ್ತದೆ. ಯುನಿಕೋಡ್‌ನಲ್ಲಿ ಬರೆದರೆ ಮಾತ್ರ ‘ಕ’ ಎಂಬುದು ಯಂತ್ರಕ್ಕೂ ‘ಕ’. ನುಡಿ ಮತ್ತು ಬರಹಗಳ ಹೊಸ ಆವೃತ್ತಿಗಳಲ್ಲಿಯೇ ಈ ಸೌಲಭ್ಯವಿದೆ. ಕೀಲಿಮಣೆ ಬದಲಿಸಬೇಕಾಗಿಲ್ಲ, ಅಭ್ಯಾಸ ಬದಲಿಸಬೇಕಾಗಿಲ್ಲ, ಒಂದು ಆಯ್ಕೆ ಬದಲಿಸಿದರೆ ಸಾಕು. ನಮ್ಮ ಶಾಲೆಗಳ ಪ್ರಶ್ನೆಪತ್ರಿಕೆ, ಸಂಘಟನೆಗಳ ಸುತ್ತೋಲೆ, ಪತ್ರಿಕೆಗಳ ಕಡತಗಳು ಇನ್ನೂ ಎಷ್ಟು ಹಳೆಯ ಶೈಲಿಯಲ್ಲಿಯೇ ಉಳಿದಿವೆ ಎಂಬುದನ್ನು ಆಯಾ ಹೊಣೆಗಾರರು ಹೋಗಿ ನೋಡಲಿ.

ಹಣದ ನೋಟಿನ ಕಥೆಯನ್ನೂ ಕೇಳಿ. 2016ರ ನೋಟು ರದ್ದತಿಯ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಅಂಧರ ಬೆರಳಿಗೆ ಏನಾಯಿತೆಂಬುದು ಚರ್ಚೆಯಾದದ್ದು ಕಡಿಮೆ. ಹಿಂದಿನ ಸರಣಿಯಲ್ಲಿ 50ರ ನೋಟಿನ ಉದ್ದ 147 ಮಿಲಿಮೀಟರ್, 100ರದ್ದು 157, 500ರದ್ದು 167. ಹತ್ತು ಹತ್ತು ಮಿಲಿಮೀಟರ್ ವ್ಯತ್ಯಾಸ. ಬೆರಳುಗಳ ನಡುವೆ ಮಡಚಿ ಅಳೆದು ಹೇಳುವವರಿದ್ದರು. ಹೊಸ ಸರಣಿಯಲ್ಲಿ 100 ಎಂದರೆ 142, 200 ಎಂದರೆ 146, 500 ಎಂದರೆ 150 ಮಿಲಿಮೀಟರ್. ಅಗಲ ಮೂರಕ್ಕೂ ಒಂದೇ. ನಾಲ್ಕು ಮಿಲಿಮೀಟರ್ ವ್ಯತ್ಯಾಸವನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ಯಾರ ಬೆರಳು ಹೇಳೀತು? ಹಳೆಯ ಸರಣಿಯ 100ರ ನೋಟು ಈಗಲೂ ಚಲಾವಣೆಯಲ್ಲಿದೆ, ಅದು ಹೊಸ 500ಕ್ಕಿಂತ ಉದ್ದ! ಅಂಚಿನಲ್ಲಿ ಉಬ್ಬುಗೆರೆಗಳಿವೆ. 100ಕ್ಕೆ ನಾಲ್ಕು, 500ಕ್ಕೆ ಐದು. ನೋಟು ಹೊಸದಾಗಿರುವ ತನಕ ಅವು ಬೆರಳಿಗೆ ಸಿಗುತ್ತವೆ, ನಾಲ್ಕು ಕೈ ಬದಲಾದ ಮೇಲೆ ಸವೆದುಹೋಗುತ್ತವೆ. ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ‘ಮಣಿ’ ಎಂಬ ಆ್ಯಪ್ ಹೊರತಂದಿತು. ಕ್ಯಾಮೆರಾದ ಮುಂದೆ ನೋಟು ಹಿಡಿದರೆ ಎಷ್ಟರದ್ದೆಂದು ಹೇಳುತ್ತದೆ, ಇಂಟರ್ನೆಟ್ ಬೇಡ. ಅಸಲಿಯೋ ನಕಲಿಯೋ ಎಂದು ಹೇಳುವುದಿಲ್ಲ. ನಮ್ಮಲ್ಲಿ ಸಣ್ಣ ಅಂಗಡಿ ಇಟ್ಟಿರುವ ಒಬ್ಬ ಅಂಧ ಸಹೋದರರು ಅದನ್ನು ಪ್ರಯೋಗಿಸಿ ಹೀಗೆಂದರು: “ಚೆನ್ನಾಗಿದೆ. ಆದರೆ ಗ್ರಾಹಕ ಎದುರಿಗೆ ನಿಂತಿರುವಾಗ ಒಂದೊಂದೇ ನೋಟನ್ನು ಫೋನಿಗೆ ತೋರಿಸುತ್ತಾ ಕುಳಿತರೆ, ನಿನ್ನನ್ನು ನಂಬುವುದಿಲ್ಲ ಎಂದು ಅವನ ಮುಖಕ್ಕೇ ಹೇಳಿದ ಹಾಗಾಗುತ್ತದೆ.” ಈಗ ಅವರು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಲೆಕ್ಕ ಹಾಕಲು ಮಾತ್ರ ಅದನ್ನು ಬಳಸುತ್ತಾರೆ.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಅಬ್ಬರ ಕೇಳುತ್ತಿದ್ದೀರಿ. ಅದರಿಂದ ಅಂಧರಿಗೆ ನಿಜವಾದ ಪ್ರಯೋಜನವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಏಳನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಸಾಕಿಬ್ ಶೇಖ್ ಎಂಬ ಇಂಜಿನಿಯರ್ ಮೈಕ್ರೋಸಾಫ್ಟ್‌ನಲ್ಲಿ ಮುಂದಾಳಾಗಿ ರೂಪಿಸಿದ ‘ಸೀಯಿಂಗ್ ಎಐ’ 2017ರಲ್ಲಿ ಹೊರಬಂತು. ಕ್ಯಾಮೆರಾದ ಮುಂದಿರುವ ಬರಹ, ವಸ್ತು, ಮುಖವನ್ನು ಅದು ಬಣ್ಣಿಸುತ್ತದೆ. ಡೆನ್ಮಾರ್ಕಿನಲ್ಲಿ ಹುಟ್ಟಿ 2015ರಲ್ಲಿ ಬಳಕೆಗೆ ಬಂದ ‘ಬಿ ಮೈ ಐಸ್’ ಎಂಬುದರಲ್ಲಿ ಅಂಧರು ವೀಡಿಯೊ ಕರೆ ಮಾಡಿದರೆ ಎಲ್ಲೋ ಇರುವ ಸ್ವಯಂಸೇವಕರೊಬ್ಬರು ನೋಡಿ ಹೇಳುತ್ತಾರೆ. 2023ರಿಂದ ಯಂತ್ರವೂ ಚಿತ್ರ ನೋಡಿ ಬಣ್ಣಿಸುತ್ತದೆ. ನಮ್ಮ ಯುವಕರು ಇದನ್ನು ಅಚ್ಚರಿಯಿಂದ ಬಳಸಿದರು. ಮನೆಯ ಮುಂದಿನ ತೆಂಗಿನ ಮರ, ಹಗ್ಗದ ಮೇಲಿನ ಕೆಂಪು ಟವೆಲು, ಬಾಗಿಲಲ್ಲಿ ಮಲಗಿದ ಬೆಕ್ಕು ಎಲ್ಲವನ್ನೂ ಅದು ಹೇಳುತ್ತಿತ್ತು. ಆದರೆ ಒಂದು ದಿನ ಇಂತಹದೇ ಒಂದು ಆ್ಯಪ್ ಮಾತ್ರೆಯ ಪಟ್ಟಿಯಲ್ಲಿದ್ದ ಅವಧಿ ಮುಗಿಯುವ ವರ್ಷವನ್ನು ತಪ್ಪಾಗಿ ಓದಿತು, ಒಂದಿಷ್ಟೂ ಅನುಮಾನವಿಲ್ಲದ ದನಿಯಲ್ಲಿ. ಮಿರುಗುವ ತಗಡಿನ ಮೇಲಿನ ಅಂಕೆ ನಮಗೇ ಕಷ್ಟ, ಯಂತ್ರಕ್ಕೂ ಕಷ್ಟ. ಔಷಧಿ, ದಸ್ತಾವೇಜು, ಹಣ ಈ ಮೂರರಲ್ಲಿ ಯಂತ್ರದ ಮಾತನ್ನೇ ಕೊನೆಯ ಮಾತೆಂದು ಒಪ್ಪಬಾರದೆಂಬ ನಿಯಮವನ್ನು ಅಂದಿನಿಂದ ಇಟ್ಟುಕೊಂಡೆವು. ಮನೆಯ ಕಾಗದಪತ್ರಗಳ ಚಿತ್ರ ದೂರದ ಯಾವುದೋ ಕಂಪ್ಯೂಟರಿಗೆ ಹೋಗುತ್ತದೆ ಎಂಬ ಎಚ್ಚರವೂ ಇರಬೇಕು.

ದುಬಾರಿಯಾದುದೆಲ್ಲ ಉಪಯುಕ್ತವೆಂದೂ ತಿಳಿಯಬೇಕಾಗಿಲ್ಲ. ಅಜ್ಜಿಯೊಬ್ಬರು ನಾವು ಕೊಟ್ಟ ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಉಪ್ಪಿನ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ಸಕ್ಕರೆ ಡಬ್ಬಿಗೆ ಎರಡು ಹಾಕಿಕೊಟ್ಟೆವು. ಅದರಿಂದಲೇ ಅವರು ಮತ್ತೆ ಸ್ವತಃ ಚಹಾ ಮಾಡತೊಡಗಿದರು. ಇದು ಹೊಸ ಉಪಾಯವೇನೂ ಅಲ್ಲ. ಹದಿನಾಲ್ಕನೆಯ ಶತಮಾನದ ಲೇಖಕ ಅಸ್ಸಫದಿ, ಹೆಸರಾಂತ ಅಂಧರ ಜೀವನ ಚರಿತ್ರೆಗಳನ್ನೇ ಒಂದು ಗ್ರಂಥವಾಗಿ ಸಂಗ್ರಹಿಸಿದ್ದರು. ಅದರಲ್ಲಿ ಬಗ್ದಾದಿನ ಅಂಧ ವಿದ್ವಾಂಸ ಝೈನುದ್ದೀನ್ ಅಲ್ ಆಮಿದಿಯವರ ಕುರಿತು ಬರುತ್ತದೆ. ಅವರು ಪುಸ್ತಕ ಕೊಂಡಾಗಲೆಲ್ಲ ತೆಳು ಕಾಗದವನ್ನು ಹೊಸೆದು ಅಕ್ಷರದ ಆಕಾರ ಮಾಡಿ ರಟ್ಟಿನ ಒಳಬದಿಗೆ ಅಂಟಿಸುತ್ತಿದ್ದರು. ಆ ಅಕ್ಷರದ ಸಂಖ್ಯಾಮೌಲ್ಯವೇ ಪುಸ್ತಕದ ಬೆಲೆ. ಬೆರಳಾಡಿಸಿ ಬೆಲೆ ಹೇಳುತ್ತಿದ್ದರು. ಫ್ರಾನ್ಸಿನ ಲೂಯಿ ಬ್ರೈಲ್ ಆರು ಚುಕ್ಕಿಗಳ ಲಿಪಿ ರೂಪಿಸಿದ್ದು ಅದಾಗಿ ಐನೂರು ವರ್ಷಗಳ ಬಳಿಕ, 1824ರ ಹೊತ್ತಿಗೆ.

ಬ್ರೈಲ್‌ನ ಕಾಲ ಮುಗಿಯಿತು, ಈಗ ಎಲ್ಲವೂ ಮಾತನಾಡುತ್ತದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಮಕ್ಕಳ ವಿಷಯದಲ್ಲಿ ಇದನ್ನು ಒಪ್ಪಲಾಗದು. ಬರೀ ಕಿವಿಯಿಂದ ಕಲಿತ ಮಗುವಿಗೆ ಕಾಗುಣಿತ ತಿಳಿಯುವುದಿಲ್ಲ, ಪದಗಳ ನಡುವಿನ ಬಿಡುವು ತಿಳಿಯುವುದಿಲ್ಲ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾಗಿ ರೂಪಿಸಲಾದ ಭಾರತಿ ಬ್ರೈಲ್‌ನಲ್ಲಿ ಕನ್ನಡದ ‘ಕ’ಕ್ಕೂ ಹಿಂದಿಯ ‘ಕ’ಕ್ಕೂ ಚುಕ್ಕಿಗಳು ಒಂದೇ. ಅರಬಿ ಬ್ರೈಲನ್ನು ಎಡದಿಂದ ಬಲಕ್ಕೆ ಓದಬೇಕು ಎಂಬುದು ನಮ್ಮ ಮದ್ರಸ ಅಧ್ಯಾಪಕರಿಗೆ ಹೊಸ ಸುದ್ದಿಯಾಗಿತ್ತು. ಮುದ್ರಿತ ಅರಬಿಗೆ ಅದು ತೀರಾ ತಿರುವುಮುರುವು. ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್ ರೂಪಿಸಿದ ‘ಆ್ಯನಿ’ ಎಂಬ ಯಂತ್ರವು ಮಗುವಿನೊಡನೆ ಮಾತನಾಡುತ್ತಾ ಬ್ರೈಲ್ ಕಲಿಸುತ್ತದೆ. ಬ್ರೈಲ್ ಬಲ್ಲ ಶಿಕ್ಷಕರೇ ಇಲ್ಲದ ಊರುಗಳಿಗೆ ಅದು ಉಪಯುಕ್ತ. ಒಂದು ಮನೆಗಲ್ಲ, ಒಂದು ಶಾಲೆಗೆ ಕೊಳ್ಳಬೇಕಾದ ವಸ್ತು ಅದು.

ಇಷ್ಟೆಲ್ಲ ದಾನದ ಮಾತಾಯಿತು. ಹಕ್ಕಿನ ಮಾತೂ ಇದೆ. 2016ರ ಕಾಯ್ದೆಯು ಸರಕಾರಿ ಉದ್ಯೋಗದಲ್ಲಿ ವಿಕಲಚೇತನರಿಗೆ 4 ಶೇಕಡಾ ಮೀಸಲಾತಿಯನ್ನು, ಅದರಲ್ಲಿ 1 ಶೇಕಡಾವನ್ನು ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ ನೀಡಿದೆ. ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 5 ಶೇಕಡಾ ಸೀಟುಗಳು ವಿಕಲಚೇತನರಿಗಿವೆ. ಬ್ಯಾಂಕ್ ಖಾತೆ ತೆರೆಯಲು, ಸಿಮ್ ಪಡೆಯಲು ಫೋನಿನ ಮುಂದೆ ಕಣ್ಣು ಮಿಟುಕಿಸಿ ಎಂದು ಕೇಳುವ ವ್ಯವಸ್ಥೆಯನ್ನು ನೀವು ನೋಡಿರಬಹುದು. ಕಣ್ಣಿಲ್ಲದವನು, ಆ್ಯಸಿಡ್ ದಾಳಿಯಿಂದ ರೆಪ್ಪೆ ಕಳೆದುಕೊಂಡವಳು ಏನನ್ನು ಮಿಟುಕಿಸಬೇಕು? ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು 2025ರ ಎಪ್ರಿಲ್ 30ರಂದು ನೀಡಿದ ತೀರ್ಪು, ಡಿಜಿಟಲ್ ಸೌಲಭ್ಯಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿತು ಮತ್ತು ಈ ವಿಧಾನಗಳನ್ನು ಬದಲಿಸಲು 20 ನಿರ್ದೇಶನಗಳನ್ನು ನೀಡಿತು. ಆದರೆ ಗುರುತಿನ ಚೀಟಿಯೇ ಮಾಡಿಸದ ಮನೆಗೆ ತೀರ್ಪು ಹೇಗೆ ತಲುಪೀತು? ‘ಮಗಳ ಮದುವೆಗೆ ತೊಂದರೆಯಾದೀತು’ ಎಂದು ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕದ ತಂದೆಯರು ಈ ಸಭೆಯಲ್ಲೂ ಇದ್ದಾರೆ. ಹೆಸರು ಹೇಳುವುದಿಲ್ಲ. ಅರ್ಜಿ ತುಂಬಿಸಲು ನಮ್ಮವರು ಬಾಗಿಲ ಬಳಿ ಕುಳಿತಿದ್ದಾರೆ.

ಮನೆಯವರ ಪಾತ್ರ ಎಷ್ಟು ದೊಡ್ಡದೆಂಬುದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. ಹದಿಹರೆಯದಲ್ಲಿ ರೆಟಿನೈಟಿಸ್ ಪಿಗ್ಮೆಂಟೋಸಾಕ್ಕೆ ತುತ್ತಾದ ತಮ್ಮನಿಗೆ ಬೆಂಬಲವಾಗಿ ನಿಂತು, ಅವನು ಓದಿ ಉದ್ಯೋಗ ಹಿಡಿಯುವಂತೆ ಮಾಡಿದ ಅಕ್ಕ ಶಾಂತಿ ರಾಘವನ್. ಆ ಅನುಭವದಿಂದಲೇ 1999ರಲ್ಲಿ ‘ಎನೇಬಲ್ ಇಂಡಿಯಾ’ ಸಂಸ್ಥೆ ಹುಟ್ಟಿತು. ಅಕ್ಕ ತಮ್ಮನ ಕೈಹಿಡಿದು ಎಲ್ಲೆಡೆ ಸುತ್ತಾಡಿಸಿದ್ದರೆ ತಮ್ಮನಿಗೆ ಅಕ್ಕನಿರುವ ತನಕ ದಾರಿ ಇರುತ್ತಿತ್ತು, ಅಷ್ಟೆ.

ಅಬ್ದುಲ್ಲಾ ಬಿನ್ ಉಮ್ಮು ಮಕ್ತೂಮ್(ರ) ಅವರ ವಿಷಯ ನಿಮಗೆಲ್ಲ ಗೊತ್ತು. ‘ಅಬಸ’ ಅಧ್ಯಾಯದ ಹಿನ್ನೆಲೆಯನ್ನು ಮಿಂಬರಿನಿಂದ ಬಹಳ ಸಲ ಕೇಳಿದ್ದೇವೆ. ಆದರೆ ಅವರಿಗೆ ವಹಿಸಲಾಗಿದ್ದ ಕೆಲಸವನ್ನು ಗಮನಿಸಿದವರು ಕಡಿಮೆ. ಅವರು ಪ್ರವಾದಿಯವರ(ಸ) ಮುಅದ್ದಿನರಲ್ಲಿ ಒಬ್ಬರು. ಫಜ್ರ್‌ನ ಅದಾನ್ ಕೊಡುವುದು ಬೆಳಕು ನೋಡಿ ಮಾಡಬೇಕಾದ ಕೆಲಸ. ಬೆಳಕು ಕಾಣದವರಿಗೆ ಆ ಕೆಲಸ ಹೇಗೆ ಎಂದು ಯಾರೂ ಅದನ್ನು ಅವರಿಂದ ಕಿತ್ತುಕೊಳ್ಳಲಿಲ್ಲ. ಬೆಳಗಾಯಿತೆಂದು ಜನ ಅವರಿಗೆ ತಿಳಿಸುತ್ತಿದ್ದರು, ಅವರು ಅದಾನ್ ಕೊಡುತ್ತಿದ್ದರು. ಪ್ರವಾದಿಯವರು(ಸ) ಮದೀನಾದಿಂದ ಹೊರಹೋದ ಕೆಲವು ಸಂದರ್ಭಗಳಲ್ಲಿ ಅಲ್ಲಿನ ಹೊಣೆಯನ್ನೂ ಅವರಿಗೇ ವಹಿಸಿದ್ದರು. ನಮ್ಮ ಜಮಾಅತ್ ಸಮಿತಿಗಳಲ್ಲಿ, ಶಾಲಾ ಆಡಳಿತ ಮಂಡಳಿಗಳಲ್ಲಿ ಒಬ್ಬನಾದರೂ ಅಂಧ ಸದಸ್ಯನಿದ್ದಾನೆಯೇ? ಇದ್ದಿದ್ದರೆ ಆ ವಾಟ್ಸಪ್ ಚಿತ್ರಗಳ ದೂರು ಇಷ್ಟು ತಡವಾಗಿ ಬರುತ್ತಿರಲಿಲ್ಲ.

ಇನ್ನು ಮಾತು ಸಾಕು. ಸಾಧನಗಳು ಒಳಗಿನ ಕೋಣೆಯಲ್ಲಿ ಮೇಜುಗಳ ಮೇಲಿವೆ. ಎಡಗಡೆ ಕೋಲುಗಳು, ನಡುವೆ ಫೋನು ಮತ್ತು ಕಂಪ್ಯೂಟರ್, ಬಲಗಡೆ ಭೂತಗನ್ನಡಿಗಳು ಮತ್ತು ದೊಡ್ಡಕ್ಷರದ ಪುಸ್ತಕಗಳು. ಒಳಗೆ ತೋರಿಸಿಕೊಡುವವರಲ್ಲಿ ಇಬ್ಬರು ಸ್ವತಃ ಅಂಧರು, ಆದ್ದರಿಂದ ತಲೆಯಾಡಿಸಬೇಡಿ, ಬಾಯಿ ಬಿಟ್ಟು ಹೇಳಿ. ತಂದೆ ತಾಯಂದಿರಲ್ಲಿ ನಮ್ಮ ವಿನಂತಿ ಒಂದೇ: ಮುಂದಿನ ಒಂದು ಗಂಟೆ ನೀವು ಈ ಹಾಲಿನಲ್ಲಿಯೇ ಕುಳಿತಿರಿ. ಮಕ್ಕಳು ತಾವೇ ಒಳಗೆ ಹೋಗಲಿ, ತಾವೇ ಮುಟ್ಟಲಿ, ಬೇಡವಾದುದನ್ನು ಬೇಡವೆನ್ನಲಿ. ಏನಾದರೂ ಬಿದ್ದು ಒಡೆದರೆ ಆ ಖರ್ಚು ನಮ್ಮದು. ಚಹಾ ಹೇಳಿದ್ದೇವೆ, ಈಗ ಬರುತ್ತದೆ.